ಹಿಮಸಾರಂಗಕ್ಕೆ ಹೊಡೆದ ಹಾರನ್

ಈ ಸ್ವೀಡನ್ ದೇಶದಲ್ಲಿ ಕಾರಿಗೆ ಹಾರನ್ ಯಾಕೆ ಇಟ್ಟಿದ್ದಾರೋ ನನಗೆ ತಿಳಿಯದು. ಮಗಳು ಕಾರು ಕೊಂಡು ವರ್ಷಗಳೇ ಆದವು, ಆ ಗುಂಡಿಯ ಮೇಲೆ ಒಂದು ಬೆರಳಿನ ಗುರುತೂ ಇಲ್ಲ. ದೇವರ ಮನೆಯ ಗಂಟೆಯನ್ನಾದರೂ ದಿನಕ್ಕೊಮ್ಮೆ ಬಾರಿಸುತ್ತೇವೆ. ಇವರು ಹಾರನ್ನಿಗೆ ಅಷ್ಟೂ ಮರ್ಯಾದೆ ಕೊಡುವುದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು, ಓಡಿಸಿದ್ದು ಮಂಡಕ್ಕಿ ಟೆಂಪೋ. ದಾವಣಗೆರೆಯಲ್ಲಿ ಯಜಮಾನರಿಗೆ ಸೊಂಟ ಹಿಡಿದುಕೊಂಡ ಮೇಲೆ ಭಟ್ಟಿಯಿಂದ ಊರೂರ ಸಂತೆಗೆ ಮೂಟೆ ಸಾಗಿಸಿದವಳು ನಾನೇ. ಆ ರಸ್ತೆಗಳಲ್ಲಿ ಹಾರನ್ ಎಂದರೆ ಸಂಭಾಷಣೆ: ಬಂದೆ, ಜರುಗು, ಆರಾಮಾ, ನಿನ್ನ ಎಮ್ಮೆ ಹಿಡ್ಕೊ. ಎಮ್ಮೆ ಏಳುತ್ತಿರಲಿಲ್ಲ ಅನ್ನುವುದು ಬೇರೆ ವಿಷಯ. ನಮ್ಮ ಕರ್ತವ್ಯ ನಾವು ಮಾಡುತ್ತಿದ್ದೆವು.

ಜುಲೈ ಬಂತೆಂದರೆ ಮಗಳಿರುವ ಊರು ಉಪ್ಸಾಲಾ ಖಾಲಿ. ಮಗಳು ಸುಧಾ, ಅಳಿಯ, ಮೊಮ್ಮಗಳು ಇಷಾ ನನ್ನನ್ನೂ ಹೇರಿಕೊಂಡು, ಉತ್ತರದ ಬೆಟ್ಟಗಳ ನಡುವೆ ಬಾಡಿಗೆಗೆ ಹಿಡಿದ ಮರದ ಮನೆಗೆ ಬಂದರು. ಇವರಿಗೆ ರಜೆ ಎಂದರೆ ಬೆನ್ನಿಗೆ ಮೂಟೆ ಕಟ್ಟಿಕೊಂಡು ಗುಡ್ಡ ಹತ್ತುವುದು. ಜೀವಮಾನವೆಲ್ಲ ಮೂಟೆ ಹೇರಿ ಇಳಿಸಿದ ನನಗೆ ಇದರಲ್ಲಿ ರಜೆ ಎಲ್ಲಿದೆ ಎಂಬುದು ಕೊನೆಗೂ ಕಾಣಲಿಲ್ಲ. ಅದಕ್ಕಿಂತ ಹೆಚ್ಚು ದಣಿಸಿದ್ದು ಇವರ ಕಾಳಜಿ. ಅಮ್ಮ ಮಾತ್ರೆ ತಗೊಂಡ್ಯಾ, ಅಮ್ಮ ಸಾಕ್ಸ್ ಹಾಕ್ಕೊ, ಅಮ್ಮ ಅಲ್ಲಿ ಜಾರುತ್ತೆ. ಬೇರೆಯವರನ್ನು ನೋಡಿಕೊಂಡಾಗ ಇಷ್ಟು ಆಯಾಸವಾಗಿರಲಿಲ್ಲ. ನೋಡಿಸಿಕೊಳ್ಳುವುದಕ್ಕೆ ಬಹಳ ತ್ರಾಣ ಬೇಕು.

ಒಂದು ಬೆಳಿಗ್ಗೆ ಹೇಳಿಯೇಬಿಟ್ಟೆ: ಮೇಲಿನ ಬಯಲಿನಲ್ಲಿ ಹಿಮಸಾರಂಗ ಇರುತ್ತವಂತೆ, ಕಾರು ತಗೊಂಡು ಒಬ್ಬಳೇ ಹೋಗಿ ನೋಡಿ ಬರುತ್ತೇನೆ.

“ಒಬ್ಳೇನಾ? ಕಣ್ಣಿನ ಡಾಕ್ಟ್ರು ಏನಂದ್ರು, ನೆನಪಿದ್ಯಾ?” ಎಂದಳು ಸುಧಾ.

“ನೋಡೋಣ ಅಂದ್ರು. ಅದಕ್ಕೇ ನೋಡೋಕೆ ಹೊರಟಿದೀನಿ.”

“ಫೋನಲ್ಲಿ ಲೊಕೇಶನ್ ಆನ್ ಇರ್ಲಿ. ಒಂದು ಗೀರು ಬಿತ್ತೋ, ಇವತ್ತೇ ಲಾಸ್ಟು. ಆಮೇಲೆ ಕೀ ಕೇಳ್ಬೇಡ.”

“ಲುಗ್ನ್, ಮಮ್ಮಾ,” ಎಂದಳು ಇಷಾ. ಇಲ್ಲಿನ ಮಾತಿನಲ್ಲಿ ಸಮಾಧಾನ ಎಂದರ್ಥ. “ಅಜ್ಜಿ ಡ್ರೈವ್ಸ್ ಬೆಟರ್ ದ್ಯಾನ್ ಪಪ್ಪಾ.” ಅಳಿಯ ಹಾಲು ಹುಡುಕುವ ನೆಪದಲ್ಲಿ ಫ್ರಿಜ್ಜಿನೊಳಗೆ ತಲೆಯಿಟ್ಟ.

ಕೀ ಹೋದರೆ ನನಗೆ ಉಳಿಯುವುದು ಹಿಂದಿನ ಸೀಟು ಮತ್ತು ಸಾಕ್ಸು. ಅದಕ್ಕಾಗಿ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದು, ಇಲ್ಲಿಯ ನಿಯಮದಂತೆ ಬಲಗಡೆಗೇ ಅಂಟಿಕೊಂಡು ಹೊರಟೆ.

ಪೈನ್ ಕಾಡು ಮುಗಿಯಿತು, ಕುರುಚಲೂ ಮುಗಿಯಿತು, ಆಮೇಲೆ ಮರವೆಂಬುದೇ ಇಲ್ಲದ ಕಲ್ಲುಬಯಲು. ಮರುಭೂಮಿ ಎಂದರೆ ಮರಳು, ಒಂಟೆ, ಬಿಸಿಲು ಎಂದುಕೊಂಡಿದ್ದೆ. ಜಾಕೆಟ್ಟು ಹಾಕಿಕೊಂಡು ದಾಟುವ ಮರುಭೂಮಿಯೂ ಉಂಟೆಂದು ನಮ್ಮ ಮೇಷ್ಟ್ರು ಹೇಳಿರಲಿಲ್ಲ; ಐದನೇ ಕ್ಲಾಸಿನಲ್ಲಿ ಹೇಳುತ್ತಿದ್ದರೋ ಏನೋ. ಕವುಜುಗದಂಥ ಹಕ್ಕಿಯೊಂದು ಮರಿಗಳನ್ನು ಕಟ್ಟಿಕೊಂಡು ನಿಧಾನಕ್ಕೆ ರಸ್ತೆ ದಾಟಿತು. ದೂರದಲ್ಲಿ ನರಿಯೊಂದು ಕೂತು ನನ್ನನ್ನೇ ನೋಡುತ್ತಿತ್ತು. ಹತ್ತಿರ ಹೋದರೆ ಅದು ಕಲ್ಲು. ಯಾರೂ ನನ್ನನ್ನು ಏನೂ ಕೇಳುತ್ತಿರಲಿಲ್ಲ. ಆ ಸುಖಕ್ಕೆ ಹೆಸರಿದ್ದರೆ ಓದಿದವರಿಗೆ ಗೊತ್ತಿರಬೇಕು.

ತಿರುವು ಕಳೆದಾಗ ಮುಂದೆ ಇನ್ನಷ್ಟು ಕಲ್ಲುಗಳು. ಅವುಗಳಲ್ಲೊಂದು ತಲೆಯೆತ್ತಿತು.

ಬ್ರೇಕು ಒತ್ತಿದ ರಭಸಕ್ಕೆ ಸೀಟ್‌ಬೆಲ್ಟು ಎದೆಗೆ ಕಚ್ಚಿತು. ಬಾನೆಟ್ಟಿನ ಮೂಗಿಗೇ ಕೊಂಬು. ರಸ್ತೆಯ ತುಂಬ ಮಲಗಿದ್ದ ಹಿಮಸಾರಂಗಗಳ ಹಿಂಡು. ನನ್ನ ಕೈ ಮಾತ್ರ ದಾವಣಗೆರೆಯಲ್ಲೇ ಇತ್ತಲ್ಲ, ಹೆಬ್ಬೆರಳು ಗುಂಡಿ ಒತ್ತಿ ಹಿಡಿದುಬಿಟ್ಟಿತು. ಆ ನೀರವ ಬಯಲಿನಲ್ಲಿ ಅದು ಕೂಗಿದ್ದೇ ಕೂಗಿದ್ದು. ಒಂದು ಪ್ರಾಣಿಯೂ ಏಳಲಿಲ್ಲ. ಎದ್ದು ಓಡಿಬಂದವನು ಹಿಂದಿನ ಕಾರಿನ ಮನುಷ್ಯ, ಮುಖ ಬಿಳುಚಿಕೊಂಡು.

“ಆರ್ ಯೂ ಓಕೆ? ಹಾರ್ಟ್?”

“ನೋ ನೋ. ಎಮ್ಮೆ,” ಎಂದೆ, ಗಾಬರಿಯಲ್ಲಿ ಬಂದದ್ದು ಅದೇ.

ಇಲ್ಲಿ ಹಾರನ್ ಹೊಡೆಯುವುದು ಪ್ರಾಣ ಹೋಗುವಾಗ ಮಾತ್ರವಂತೆ. ಅವನು ನನ್ನನ್ನೂ ಹಿಂಡನ್ನೂ ನೋಡಿ, ಎಂಜಿನ್ ಆಫ್ ಮಾಡಿಸಿ, ತನ್ನ ಫ್ಲಾಸ್ಕು ತಂದು ಕಾಫಿ ಸುರಿದು ಕೊಟ್ಟ. ಸಕ್ಕರೆ ಇಲ್ಲ, ಹಾಲಿಲ್ಲ, ಕಷಾಯ. ಅವನ ಹಿಂದೆ ಸಾಲುಗಟ್ಟಿದ ಕಾರುಗಳಲ್ಲಿ ಒಬ್ಬರೂ ತುಟಿ ಬಿಚ್ಚದೆ ಕಾಯುತ್ತಿದ್ದರು. ಆಗ ಫೋನು ಬಂತು.

“ಅಮ್ಮ, ಮ್ಯಾಪಲ್ಲಿ ನೀನು ನಿಂತಲ್ಲೇ ನಿಂತಿದೀಯ! ಏನಾಯ್ತು?”

“ಕಾಫಿ ಕುಡೀತಿದೀನಿ.”

“ಯಾರ ಜೊತೆ?”

“ಗೊತ್ತಿಲ್ಲ ಕಣೆ. ಯಾರೋ ಗಂಡಸು.”

ಫೋನು ಜಾಕೆಟ್ಟಿನೊಳಗೆ ಇಟ್ಟೆ. ಬಾನೆಟ್ಟಿನ ಮುಂದೆ ಹೋಗಿ ನೋಡಿದರೆ ಅಲ್ಲೊಂದು ಪುಟ್ಟ ಮರಿ. ಇನ್ನೊಂದು ಗೇಣು ಹೋಗಿದ್ದರೆ ಆ ಮರಿ ಚಕ್ರದಡಿ. ಅದಕ್ಕೇನು ಗೊತ್ತು, ತಾಯಿಗೆ ಒರಗಿಕೊಂಡು ಮೆಲುಕು ಹಾಕುತ್ತಿತ್ತು. ಅವುಗಳಿಗೆ ಯಾವಾಗಲೋ ಏಳಬೇಕೆನಿಸಿತು, ಎದ್ದವು, ಹೋದವು.

ಮನೆ ತಲುಪಿದಾಗ ಸುಧಾ ಮೆಟ್ಟಿಲಲ್ಲೇ ನಿಂತಿದ್ದಳು. ಮೊದಲು ಬಂಪರ್ ನೋಡಿದಳು, ಆಮೇಲೆ ನನ್ನನ್ನು. ಒಂದು ಗೀರೂ ಇಲ್ಲ.

“ಸರಿ, ಗೆದ್ದೆ ಬಿಡು. ಕೀ ನಿನ್ ಹತ್ರಾನೇ ಇರ್ಲಿ.”

ಕೀಯನ್ನು ಅವಳ ಅಂಗೈಗೆ ಹಾಕಿದೆ. “ನಾಳೆಯಿಂದ ನೀನೇ ಓಡಿಸು. ಕಲ್ಲು ಯಾವುದು, ಜೀವ ಯಾವುದು, ನಂಗೆ ಗೊತ್ತಾಗ್ತಿಲ್ಲ.”

ಅವಳ ಮುಖ ಮೆತ್ತಗಾಗತೊಡಗಿದ್ದು ನೋಡಿ ತಡೆದೆ. “ಅದೆಲ್ಲ ಬೇಡ. ಮುಂದಿನ ಸೀಟು ನಂದು, ಅಷ್ಟು ಸಾಕು.”

ಮರುದಿನ ಅವಳು ಓಡಿಸಿದಳು, ಅಳಿಯ ಹಿಂದೆ ಕೂತ. ಅದೇ ತಿರುವಿನಲ್ಲಿ ಅದೇ ಹಿಂಡು. ನನ್ನ ಕಣ್ಣಿಗೆ ಅವಿನ್ನೂ ಕಲ್ಲಾಗಿದ್ದಾಗಲೇ ಸುಧಾ ನಿಧಾನಿಸಿ ಎಂಜಿನ್ ಆಫ್ ಮಾಡಿದಳು. ಬಹಳ ಹೊತ್ತು ಕೂತೆವು. ಅವಳು ಸಾಕ್ಸಿನ ಮಾತೆತ್ತಲಿಲ್ಲ.

“ಒಂದ್ಸಲ ಹಾರನ್ ಹೊಡಿಯಮ್ಮ, ಬೇಕಾದ್ರೆ,” ಎಂದಳು.

“ಬೇಡ. ಮಲಗಿರ್ಲಿ.”

ಹಾರನ್ ಯಾಕೆ ಇಟ್ಟಿದ್ದಾರೋ ಈಗಲೂ ನನಗೆ ತಿಳಿಯದು. ಆದರೆ ಮಗಳ ಕಾರಿನ ಆ ಗುಂಡಿಯ ಮೇಲೆ ಈಗ ನನ್ನ ಹೆಬ್ಬೆಟ್ಟಿನ ಗುರುತೊಂದಿದೆ. ಒರೆಸಬೇಡ ಎಂದು ಹೇಳಿದ್ದೇನೆ.