ಹೆಂಡತಿಯ ಕುರ್ಚಿ

ಹೋದ ವಾರ ಬನಶಂಕರಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತಿದ್ದವರೊಬ್ಬರು ಕಿತ್ತಳೆ ಹಣ್ಣು ಸುಲಿದರು. ಸಿಪ್ಪೆಯ ಆ ಚುರುಕು ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ನಲವತ್ತರ ಹತ್ತಿರದ ಗಂಡಸು ಹಣ್ಣಿನ ವಾಸನೆಗೆ ಹೆದರುವುದೆಂದರೆ ನಗು ಬರುವ ಮಾತೇ. ಆದರೆ ನಮ್ಮ ಮೇಡಂ ಕೈಕೆಳಗೆ ಕೆಲಸ ಮಾಡಿದವರು ಯಾರೂ ನಗುವುದಿಲ್ಲ.

ಜಯನಗರದ ಒಂದು ಸಣ್ಣ ಕುಡಿತ ಬಿಡಿಸುವ ಕೇಂದ್ರದಲ್ಲಿ ನಾನು ಕೌನ್ಸೆಲರ್ ಆಗಿದ್ದೆ. ಮೇಡಂ ನಮ್ಮ ಸೂಪರ್‌ವೈಸರ್. ಕುಡಿಯುವವರ ಮಾತು ನಾವು ಕೇಳುತ್ತಿದ್ದೆವು, ನಮ್ಮ ಮಾತು ಮೇಡಂ ಕೇಳುತ್ತಿದ್ದರು. ಗುರುವಾರ ಊಟವಾದ ಮೇಲೆ ಒಬ್ಬೊಬ್ಬರನ್ನೇ ಕರೆದು, ಬಾಗಿಲು ಮುಚ್ಚಿ, ಒಂದು ಕಿತ್ತಳೆ ಕೈಗೆತ್ತಿಕೊಳ್ಳುವರು. ಕಿತ್ತಳೆ ಸಿಗದ ಕಾಲದಲ್ಲಿ ಮೂಸಂಬಿ. ಕಣ್ಣು ನಮ್ಮ ಮೇಲೆ, ಬೆರಳು ಸಿಪ್ಪೆಯ ಮೇಲೆ. ನಾವು ಹೇಳುವುದರಲ್ಲಿ ಎಲ್ಲೋ ಏನೋ ಸರಿಯಿಲ್ಲ ಅನ್ನಿಸಿದರೆ ಆ ಬೆರಳು ನಿಂತುಬಿಡುತ್ತಿತ್ತು. ಬೈಯುತ್ತಿರಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಅವರದೊಂದು ಪದ್ಧತಿ. ‘ಕ್ಲೈಂಟ್ ಹೀಗಂದರು, ಹಾಗಂದರು’ ಎಂದು ವರದಿ ಒಪ್ಪಿಸುವಂತಿಲ್ಲ. ಎದುರಿನ ಕುರ್ಚಿಯಲ್ಲಿ ಕೂತು, ನಾವೇ ಆ ಕ್ಲೈಂಟ್ ಆಗಿ, ‘ನಾನು’ ಎಂದೇ ಮಾತಾಡಬೇಕು. ಅದಾದ ಮೇಲೆ ಪಕ್ಕದ ಕುರ್ಚಿಗೆ ಹೋಗಿ ಅವರ ಹೆಂಡತಿಯೋ ತಾಯಿಯೋ ಆಗಬೇಕು. ಮೊದಮೊದಲು ನನಗಿದು ನಾಟಕದ ಕಂಪನಿ ಅನ್ನಿಸಿತ್ತು. ಓದಿಕೊಂಡು ಬಂದದ್ದನ್ನು ಶುರು ಮಾಡಿದರೆ, “ಪುಸ್ತಕ ಆಮೇಲೆ. ಮೊದ್ಲು ಹೋಗಿ ಕೂತ್ಕೊಳ್ಳಿ” ಅನ್ನುವರು.

ಆ ಮಾತು ನನಗೆ ಚುಚ್ಚುತ್ತಿತ್ತು. ಏಕೆಂದರೆ ಆ ಪುಸ್ತಕಗಳು ನನಗೆ ಸುಮ್ಮನೆ ಸಿಕ್ಕಿದ್ದಲ್ಲ. ಅಪ್ಪ ಗಾರೆ ಕೆಲಸದವರು, ದುಡಿದದ್ದರಲ್ಲಿ ಅರ್ಧ ಕುಡಿದವರು. ಅಮ್ಮ ತಿಲಕ್ ನಗರದ ಮನೆಗಳಲ್ಲಿ ಪಾತ್ರೆ ತೊಳೆದವರು. ನಮ್ಮ ವಂಶದಲ್ಲಿ ಡಿಗ್ರಿ ಅಂತ ಮಾಡಿದ್ದು ನಾನೇ ಮೊದಲು. ಕೊರಿಯರ್ ಹಂಚಿಕೊಂಡು ಸಂಜೆ ಕಾಲೇಜು ಮುಗಿಸಿದೆ, ಅದರ ಮೇಲೆ ಎಂಎಸ್‌ಡಬ್ಲ್ಯೂ. ಈ ಹೆಮ್ಮೆಯನ್ನು ನಾನು ಇವತ್ತಿಗೂ ಬಚ್ಚಿಡುವುದಿಲ್ಲ. ಕೇಂದ್ರದ ಟ್ಯಾಗ್ ಕತ್ತಿಗೆ ಹಾಕಿಕೊಂಡೇ ಬಸ್ ಹತ್ತುತ್ತಿದ್ದೆ. ತಪ್ಪು ಶುರುವಾದದ್ದೂ ಬಹುಶಃ ಅಲ್ಲೇ...

ಬಿಳೇಕಹಳ್ಳಿಯ ಹಳೇ ಕುಟುಂಬದ ಒಬ್ಬರು ಮನೆಯಿಂದಲೇ ನನ್ನ ಬಳಿ ಬಂದು ಹೋಗುತ್ತಿದ್ದರು. ತಾತನ ಕಾಲದ ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳು. ವಯಸ್ಸು ನಲವತ್ತೈದು, ಬಿ.ಪಿ. ಬೇರೆ. ಕೇಂದ್ರದಲ್ಲಿ ಹೆಸರು ಬರೆಸಿದ ದಿನ ಬಿಟ್ಟವರು ಇಪ್ಪತ್ತಾರು ದಿನ ಒಂದು ತೊಟ್ಟೂ ಮುಟ್ಟಿರಲಿಲ್ಲ. ನನ್ನ ಕೈಯಲ್ಲಿದ್ದ ಕೇಸುಗಳಲ್ಲೇ ಅತಿ ಒಳ್ಳೆಯದು ಅದು.

ಅವರು ಬರತೊಡಗಿದ ಮೊದಲ ವಾರವೇ ಅವರ ಹೆಂಡತಿ ಗೇಟಿನ ಹತ್ತಿರ ನನ್ನನ್ನು ತಡೆದಿದ್ದರು.

“ಸಾರ್, ನೀವು ಓದಿರೋರು, ನಿಮ್ಗಾದ್ರೆ ಅರ್ಥ ಆಗುತ್ತೆ. ದಿನಾ ಬೆಳಿಗ್ಗೆ ಅವ್ರ ರಾಗಿ ಗಂಜಿಗೆ ಕುಡಿಯೋದು ಬಿಡ್ಸೋ ಮಾತ್ರೆ ಪುಡಿ ಮಾಡಿ ಹಾಕ್ತಿದೀನಿ. ಅವ್ರಿಗೆ ಗೊತ್ತಿಲ್ಲ. ನಮ್ಮಕ್ಕನ ಗಂಡಂಗೂ ಹಿಂಗೇ ಮಾಡಿದ್ದು. ಯಾರಿಗೂ ಹೇಳ್ಬೇಡಿ ಸಾರ್, ನಿಮ್ಗೆ ಕೈ ಮುಗೀತೀನಿ.”

ಆ ಮಾತ್ರೆ ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಅದು ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪೇರುತ್ತದೆ, ವಾಂತಿಯಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ. ಬಿ.ಪಿ. ಇದ್ದವರ ಜೀವವೇ ಹೋಗಬಹುದು. ಅದಕ್ಕೇ ಡಾಕ್ಟರು ಪರೀಕ್ಷೆ ಮಾಡದೆ, ತಿಳಿಸಿ ಹೇಳಿ ಒಪ್ಪಿಸದೆ ಅದನ್ನು ಕೊಡುವುದಿಲ್ಲ. ನಾನು ನಿಂತ ಕಾಲಲ್ಲೇ ಮೇಡಂ ಹತ್ತಿರ ಓಡಬೇಕಿತ್ತು. ಓಡಲಿಲ್ಲ. ಆ ಹೆಂಗಸಿನ ಒಡೆದ ಅಂಗೈಗಳಲ್ಲಿ ನನಗೆ ನಮ್ಮಮ್ಮ ಕಂಡರು. ಜೊತೆಗೆ, ನನ್ನ ಒಳ್ಳೆಯ ಕೇಸು ಕೆಡುವುದು ನನಗೆ ಬೇಕಿರಲಿಲ್ಲ. “ಸರಿ ಅಕ್ಕ, ನೋಡೋಣ” ಅಂದೆ. ಮೂರು ವಾರ ನೋಡುತ್ತಲೇ ಇದ್ದೆ.

ಇಪ್ಪತ್ತಾರು ದಿನ ತುಂಬಿದ ಗುರುವಾರ ಕ್ಲೈಂಟಿನ ಕುರ್ಚಿಯಲ್ಲಿ ಕೂತು ಸೊಗಸಾಗಿಯೇ ಮಾತಾಡಿದೆ. “ಇವತ್ತು ನಮ್ಮ ತಮ್ಮನ ಮಗಳ ಬೀಗರ ಊಟ. ಎಲ್ರೂ ಕುಡೀತಾರೆ. ನಾನು ಮಧ್ಯ ಕೂತು ಕುಡೀದೆ ಎದ್ದು ಬರ್ತೀನಿ, ನೋಡ್ತಾ ಇರಿ” ಎಂದು ಅವರದೇ ಧಾಟಿಯಲ್ಲಿ ಹೇಳಿದೆ. ಸಿಪ್ಪೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತಾ ಇತ್ತು.

“ಈಗ ಹೆಂಡತಿ” ಅಂದರು ಮೇಡಂ.

ಪಕ್ಕದ ಕುರ್ಚಿಗೆ ಹೋದೆ. ಅದಕ್ಕೂ ಮೊದಲಿನ ಎರಡು ಗುರುವಾರ ಹೊತ್ತು ಸಾಲದೆ ಆ ಕುರ್ಚಿಯ ಸರದಿ ಬಂದಿರಲಿಲ್ಲ. “ನಾನು... ಬೆಳಿಗ್ಗೆ ಐದಕ್ಕೆ ಏಳ್ತೀನಿ. ನೀರು ಹಿಡೀತೀನಿ. ಗಂಜಿ ಕಾಯಿಸ್ತೀನಿ...” ಎಂದವನಿಗೆ ಮುಂದೆ ನಾಲಿಗೆ ಹೊರಳಲಿಲ್ಲ. ಆ ಕುರ್ಚಿಯಲ್ಲಿ ಕೂತು ಸುಳ್ಳು ಹೇಳುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ.

ಬೆರಳು ನಿಂತಿತು.

“ಗಂಜಿ ಕಾಯಿಸಿ?”

ಹೇಳಿದೆ. ಎಲ್ಲ ಹೇಳಿದೆ. ಎಷ್ಟು ದಿನದಿಂದ ಗೊತ್ತು ಎಂದು ಕೇಳಿದರು. ಮೂರು ವಾರ ಎಂದೆ. ಅವರು ಹಣ್ಣನ್ನು ಮೇಜಿನ ಮೇಲಿಟ್ಟು ಗಡಿಯಾರ ನೋಡಿದರು. ಒಂದೂ ಮುಕ್ಕಾಲು.

“ಇವತ್ತೂ ಗಂಜಿ ಕುಡಿದಿದಾರಾ, ಕೇಳಿ.”

ಹೆಂಡತಿಗೆ ಫೋನ್ ಮಾಡಿದೆ. ಆಕೆ ಇನ್ನೂ ಮನೆಯಲ್ಲೇ ಇದ್ದರು. ಗಂಡ ಗಂಜಿ ಕುಡಿದಿದ್ದರು. ಹನ್ನೊಂದಕ್ಕೇ ಗಾಡಿ ಹತ್ತಿ ಹೋಗಿದ್ದರು. ಅವರ ನಂಬರ್‌ಗೆ ನಾಲ್ಕು ಸಲ ಮಾಡಿದೆ. ಎತ್ತಲಿಲ್ಲ.

ಕಲ್ಯಾಣ ಮಂಟಪ ಇದ್ದದ್ದು ಬನಶಂಕರಿ ದಾಟಿ ಕನಕಪುರ ರಸ್ತೆಯಲ್ಲಿ. ಆಟೋದಲ್ಲಿ ಮೇಡಂ ನಮ್ಮ ಡಾಕ್ಟರಿಗೆ ಫೋನ್ ಮಾಡಿ ಎರಡೇ ಮಾತಲ್ಲಿ ವಿಷಯ ಹೇಳಿದರು. ಒಂದು ಗುಟುಕು ಕುಡಿದಿದ್ದರೂ ಸೀದಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದು ಆ ಕಡೆಯಿಂದ ಹೇಳಿದ್ದು ನನಗೂ ಕೇಳಿಸಿತು. ನಾನು ಹಿಂದಿನಿಂದ ಬೇಗ, ಬೇಗ ಎನ್ನುತ್ತಲೇ ಇದ್ದೆ. ಡ್ರೈವರ್‌ಗೆ ರೇಗಿತು. “ಮೇಲೆ ಮೆಟ್ರೋ ಹೋಯ್ತಾ ಐತಲ್ಲ ಸಾರ್, ಅದ್ರಲ್ಲಿ ಹೋಗ್ಬೇಕಿತ್ತು. ನಂದು ಕೆಳಗ್ ಓಡೋ ಗಾಡಿ.” ಬೇರೆ ದಿನವಾಗಿದ್ದರೆ ನಕ್ಕಿರುತ್ತಿದ್ದೆ.

ಗೇಟಿನಲ್ಲಿ ಇಳಿಯುತ್ತಲೇ ಮೇಡಂ ನನ್ನ ಕತ್ತಿನತ್ತ ಕೈ ತೋರಿಸಿದರು. “ಟ್ಯಾಗ್ ತೆಗೀರಿ. ಇಲ್ಲಿ ಅವ್ರು ಯಾರ ಪೇಷೆಂಟೂ ಅಲ್ಲ, ಮದುವೆ ಮನೆ ಯಜಮಾನರು. ವಿಷಯ ನೀವೇ ಹೇಳ್ಬೇಕು. ಬೈದ್ರೆ ಬೈಸ್ಕೊಳ್ಳಿ.”

ಮಂಟಪದ ಹಿಂದೆ ಶಾಮಿಯಾನದ ಕೆಳಗೆ ಏಳೆಂಟು ಜನ ಕುರ್ಚಿ ಎಳೆದುಕೊಂಡು ಕೂತಿದ್ದರು. ನಮ್ಮವರು ನಡುವೆ. ಕೈಯಲ್ಲಿ ಗ್ಲಾಸು. ಕೋಲಾ ಬಣ್ಣದ್ದು, ಮುಕ್ಕಾಲು ತುಂಬಿತ್ತು... ಮುಕ್ಕಾಲು ತುಂಬಿಸಿದ್ದೋ, ಕಾಲು ಖಾಲಿಯಾದದ್ದೋ ಎಂದು ನಾನು ಆ ಗ್ಲಾಸನ್ನೇ ನೋಡುತ್ತಾ ನಡೆದೆ.

ನಮ್ಮನ್ನು ಕಂಡು ಅವರ ಮುಖ ಬಿಳುಚಿತು. ಪಕ್ಕದಲ್ಲಿದ್ದ ನೆಂಟ ಜೋರಾಗಿ, “ಯಾರಣ್ಣ ಇವ್ರು? ಬಾಡಿಗೆ ಮನೆ ಕೇಳ್ಕೊಂಡು ಇಲ್ಲಿಗೂ ಬಂದ್ರಾ?” ಎಂದ.

“ಹೌದು, ಮನೆ ವಿಷಯಾನೇ” ಎಂದರು ಮೇಡಂ, ಕಣ್ಣು ಮಿಟುಕಿಸದೆ. “ಎರಡು ನಿಮಿಷ ಬರ್ತೀರಾ?”

“ಬಾಡೂಟ ಬಿಟ್ಟು ಮನೆ ನೋಡೋರನ್ನ ಇವತ್ತೇ ನೋಡಿದ್ದು! ಮಾತಾಡ್ಕೊಂಡು ಬನ್ನಿ ಮೇಡಂ, ಎಲೆ ಹಾಕಿಸ್ತೀನಿ” ಎಂದು ಆತ ನಕ್ಕ.

ನೀರಿನ ಟ್ಯಾಂಕಿನ ಮರೆಗೆ ಹೋದೆವು. ಗ್ಲಾಸು ಅವರ ಕೈಯಲ್ಲೇ ಬಂತು.

“ಕುಡಿದ್ರಾ?” ಎಂದೆ.

“ಇಲ್ಲ. ಒಂದು ಗಂಟೆಯಿಂದ ಹಿಡ್ಕೊಂಡೇ ಇದೀನಿ. ಯಾಕ್ ಸಾರ್, ನಂಬಿಕೆ ಇಲ್ವಾ? ಇಲ್ಲಿಗೂ ಬಂದ್ರಾ ಚೆಕ್ ಮಾಡೋಕೆ?”

ನಾನು ಹೇಳಿದೆ. ಗಂಜಿ, ಮಾತ್ರೆ, ಕುಡಿದಿದ್ದರೆ ಏನಾಗುತ್ತಿತ್ತು, ನನಗೆ ಯಾವಾಗಿನಿಂದ ಗೊತ್ತಿತ್ತು... ಏನೂ ಬಿಡಲಿಲ್ಲ. ಒಳಗೆ ಬಡಿಸುವವರ ಕೂಗು ಕೇಳುತ್ತಿತ್ತು. ಅವರು ಗ್ಲಾಸನ್ನೇ ನೋಡುತ್ತಾ ನಿಂತರು. ಎತ್ತಿ ಕುಡಿದುಬಿಡುತ್ತಾರೆಂದು ನನಗೆ ಭಯವಾಯಿತು. ಆ ಗಳಿಗೆಯಲ್ಲಿ ಕುಡಿಯಲು ಅವರಿಗೆ ಕಾರಣವೂ ಇತ್ತು.

“ಹಂಗಾದ್ರೆ ಇಪ್ಪತ್ತಾರು ದಿನ ನಾನಲ್ಲ. ಗಂಜಿ” ಎಂದರು ಕೊನೆಗೆ. ಧ್ವನಿ ಪೂರಾ ಸೋತಿತ್ತು.

ಮೇಡಂ ಒಂದು ಹೆಜ್ಜೆ ಮುಂದೆ ಬಂದರು.

“ಮಾತ್ರೆ ಇರೋದು ನಿಮಗೆ ಗೊತ್ತೇ ಇರ್ಲಿಲ್ಲ ಅಲ್ವಾ? ಗೊತ್ತಿಲ್ಲದ ಮಾತ್ರೆಗೆ ಹೆದರಿ ಯಾರೂ ಬಿಡಲ್ಲ. ಕುಡಿದಿದ್ರೆ ತಾನೇ ಅದು ಕೆಲಸ ಮಾಡೋದು? ನೀವು ಕುಡೀಲೇ ಇಲ್ಲ. ಇಪ್ಪತ್ತಾರು ದಿನಾನೂ ನಿಮ್ದೇ.”

ಅವರು ಗ್ಲಾಸನ್ನು ನನ್ನ ಕೈಗೆ ಕೊಟ್ಟು, ನನ್ನ ಮುಖ ನೋಡದೆ ಊಟದ ಹಾಲ್ ಕಡೆ ನಡೆದರು. ಸಂಜೆಯವರೆಗೂ ಆ ಗ್ಲಾಸಿನ ವಾಸನೆ ನನ್ನ ಕೈಯಲ್ಲಿತ್ತು.

ಹತ್ತು ದಿನಗಳ ಮೇಲೆ ಅವರು ಮತ್ತೆ ಕೇಂದ್ರಕ್ಕೆ ಬಂದರು, ನನ್ನ ಬಳಿಗಲ್ಲ. ಬೇರೆಯವರು ಬೇಕು ಎಂದರು. ಮೇಡಂ ತಾವೇ ಆ ಗಂಡ ಹೆಂಡತಿಯನ್ನು ಕೂರಿಸಿಕೊಂಡರು. ಹೇಗಿದ್ದಾರೆಂದು ಅವರು ನನಗೆ ಹೇಳಲಿಲ್ಲ, ಕೇಳುವ ಮುಖವೂ ನನಗಿರಲಿಲ್ಲ. ನನ್ನ ಮೇಲೆ ಏನು ಬರೆದು ಕಳಿಸಿದರೋ ಎಂದು ತಿಂಗಳುಗಟ್ಟಲೆ ಕಾದೆ. ಏನೂ ಬರಲಿಲ್ಲ. ಅದೇ ಉರಿಯಲ್ಲಿ, ನನ್ನನ್ನು ಮದುವೆ ಮನೆಯಲ್ಲಿ ತಲೆ ತಗ್ಗಿಸಿ ನಿಲ್ಲಿಸಿದರೆಂಬ ಸಿಟ್ಟಿನಲ್ಲಿ, ಇನ್ನೊಂದು ಕಡೆ ಕೆಲಸ ಹಿಡಿದು ಹೊರಟುಬಿಟ್ಟೆ. ಸರಿಯಾಗಿ ಹೇಳಿ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಬರ್ತೀನಿ ಮೇಡಂ ಅಂದೆ, ಅಷ್ಟೇ...

ಈಗ ಎರಡು ತಿಂಗಳಿಂದ ಅದೇ ಕೇಂದ್ರದಲ್ಲಿ, ಅವರಿದ್ದ ಜಾಗದಲ್ಲಿ, ನಾನು ಸೂಪರ್‌ವೈಸರ್. ಮೇಡಂ ತೀರಿಕೊಂಡು ವರ್ಷದ ಮೇಲಾಯಿತು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಹದಿಮೂರನೆಯ ದಿನವೂ ಕಳೆದಿತ್ತು.

ಮೊನ್ನೆ ಹಳೆಯ ಬೀರು ಖಾಲಿ ಮಾಡಿಸುವಾಗ ಆ ಬಿಳೇಕಹಳ್ಳಿಯವರ ಫೈಲು ಸಿಕ್ಕಿತು. ಎರಡು ವರ್ಷ ನಡೆದು ಮುಚ್ಚಿದ ಫೈಲು. ನಡುವೆ ಎರಡು ಸಲ ಜಾರಿದ್ದು, ಮತ್ತೆ ಎದ್ದದ್ದು, ಕೊನೆಯ ಹತ್ತು ತಿಂಗಳು ಕುಡಿಯದೆ ಇದ್ದದ್ದು, ಎಲ್ಲ ಮೇಡಂ ಕೈಬರಹದಲ್ಲಿ. ನಾನು ಹಿಂದಕ್ಕೆ ತಿರುವಿ ಆ ಗುರುವಾರದ ಪುಟ ಹುಡುಕಿದೆ. ನನ್ನ ತಪ್ಪನ್ನು ಅವರು ಮುಚ್ಚಿರಲಿಲ್ಲ. ‘ಔಷಧಿ ಗುಟ್ಟಾಗಿ ಕೊಡುತ್ತಿದ್ದ ವಿಷಯ ಕೌನ್ಸೆಲರ್‌ಗೆ ಮೂರು ವಾರದಿಂದ ತಿಳಿದಿತ್ತು’ ಎಂದು ಸ್ಪಷ್ಟವಾಗಿ ಬರೆದಿದ್ದರು. ಅದರ ಕೆಳಗೆ ಇನ್ನೂ ಎರಡು ಸಾಲು. ‘ಅದನ್ನು ಹೇಳುವ ಧೈರ್ಯ ನನ್ನ ಕೋಣೆಯಲ್ಲಿ ಅವರಿಗೆ ಸಿಗಲಿಲ್ಲ. ಈ ಲೋಪ ನನ್ನದು.’ ಕೆಳಗೆ ಸಹಿ.

ಬಾಗಿಲು ಹಾಕಿಕೊಂಡು ಕೂತೆ. ಮೇಡಂ, ಆ ಸಾಲು ಸರಿಯಿಲ್ಲ. ಕೋಣೆಯಲ್ಲಿ ಏನೂ ಕೊರತೆ ಇರಲಿಲ್ಲ. ಒಳ್ಳೆಯ ಕೇಸು ಕೈತಪ್ಪುತ್ತದೆಂದು ಹೆದರಿದ್ದು ನಾನು. ಅಷ್ಟನ್ನಾದರೂ ಕೆಳಗೆ ಬರೆಯೋಣವೆಂದು ಪೆನ್ನಿನ ಮುಚ್ಚಳ ತೆಗೆದೆ. ಮುಚ್ಚಿದ ಫೈಲಿನಲ್ಲಿ ಆಮೇಲೆ ಯಾರೂ ಏನೂ ಸೇರಿಸುವಂತಿಲ್ಲ. ಅದನ್ನು ನನಗೆ ಕಲಿಸಿದವರೂ ಅವರೇ. ಮುಚ್ಚಳ ಹಾಕಿದೆ.