ಮೆಸ್ಸಿನ ಅಕ್ಕನಿಗಾಗಿ ಒಟ್ಟಿಗೇ ಒಳಗೆ ಹೋದದ್ದು

ಅಂದು ನಮ್ಮ ಗುಂಪನ್ನು ಒಡೆದವರು ಕಾಲೇಜಿನವರಲ್ಲ, ನಾನು. ಅದೂ ಬರೀ ಬಾಯಿಯ ತೀಟೆಗೆ.

ಮಾಕಳಿಯಾಚೆಗಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದುತ್ತಲೇ ಅಲ್ಲೇ ಕೆಲಸವನ್ನೂ ಮಾಡುವವರು ನಾವೊಂದಿಷ್ಟು ಜನ ಇದ್ದೆವು. ಸಂಬಳದ ಬದಲಿಗೆ ಹಾಸ್ಟೆಲ್ಲಿನಲ್ಲಿ ಮಂಚ, ಮೆಸ್ಸಿನಲ್ಲಿ ಊಟ. ನಾನು ಕಂಪ್ಯೂಟರ್ ಲ್ಯಾಬಿನ ಉಸ್ತುವಾರಿ, ಅಂದರೆ ಫ್ಯಾನ್ ಆರಿಸುವವನು. ಯಾದಗಿರಿ ಕಡೆಯ ಸೀನಿಯರ್ ಒಬ್ಬಳು, ನಮಗೆಲ್ಲ ಅಕ್ಕ, ಮೆಸ್ಸಿನಲ್ಲಿ ಬಡಿಸುತ್ತಿದ್ದಳು. ಇಂಟರ್ನಲ್ಸ್ ಪರೀಕ್ಷೆ ಬರೆಯಲು ಹೋಗಿ ಒಂದು ಹೊತ್ತು ಬಡಿಸಲು ಬರಲಿಲ್ಲವೆಂದು ಆಡಳಿತಾಧಿಕಾರಿ ಅವಳನ್ನು ಕೆಲಸದಿಂದ ತೆಗೆದರು. ಕೆಲಸ ಹೋದರೆ ಮಂಚವೂ ಹೋದಂತೆಯೇ.

ಒಬ್ಬೊಬ್ಬರೇ ಹೋದರೆ ಆ ಸಾಹೇಬರು ಮನೆಯವರ ಯೋಗಕ್ಷೇಮ ವಿಚಾರಿಸಿ, ನಯವಾಗಿ ಹೆದರಿಸಿ ಕಳಿಸುತ್ತಿದ್ದರು. ಆದ್ದರಿಂದ ಮೆಸ್ಸು, ಲೈಬ್ರರಿ, ಲ್ಯಾಬು, ಎಲ್ಲ ಕಡೆಯವರೂ ಒಟ್ಟಿಗೇ ಅವರ ಕೋಣೆಯೊಳಗೆ ಹೋಗುವುದೆಂದು ತೀರ್ಮಾನವಾಯಿತು.

ಕಾರಿಡಾರಿನಲ್ಲಿ ಕಾಯುವಾಗ ಎಲ್ಲರ ಮುಖವೂ ಇಳಿದಿತ್ತು. ನಗಿಸೋಣವೆಂದು ಕಂಬದ ಮರೆಗೆ ನಿಂತು ಸಾಹೇಬರ ಮೂಗಿನ ದನಿ ತೆಗೆದೆ: "ಏನ್ರಪ್ಪಾ ಗುಂಪು? ಕ್ಲಾಸಿಗೆ ನಡೀರಿ." ಯಾರೂ ನಗಲಿಲ್ಲ. ಅರ್ಧಕ್ಕರ್ಧ ಜನ ನಡೆದೇಬಿಟ್ಟರು. ನನ್ನ ಕಲೆಗೆ ಅಷ್ಟು ದೊಡ್ಡ ಮನ್ನಣೆ ಆಮೇಲೆ ಸಿಕ್ಕಿಲ್ಲ.

ಅಕ್ಕ ನೋಡಿದ ನೋಟಕ್ಕೆ ಅವರ ಹಿಂದೆಯೇ ಓಡಿದೆ. ಕೂಗಿದ್ದು ನಾನೇ ಎಂದರೆ ನಂಬಲಿಲ್ಲ. "ಸುಮ್ನಿರೋ ಮಗಾ, ಆಮೇಲೆ ನಮ್ ಮಂಚಾನೂ ಹೋಗುತ್ತೆ," ಎಂದ ಲೈಬ್ರರಿಯವನು. ಬೇರೆ ದಾರಿ ಕಾಣದೆ, ಅವರು ಮೆಟ್ಟಿಲ ತಿರುವಿನಲ್ಲಿ ಮರೆಯಾದ ಮೇಲೆ ಅದೇ ದನಿಯಲ್ಲಿ ಮತ್ತೆ ಕೂಗಿದೆ: "ಎಲ್ಲಾರೂ ಈಗ್ಲೇ ನನ್ ರೂಮಿಗೆ ಬರ್ಬೇಕು." ಏದುಸಿರು ಬಿಡುತ್ತಾ ಓಡಿಬಂದರು. ಅದೇ ಓಟದಲ್ಲಿ ನಮ್ಮನ್ನೂ ನೂಕಿಕೊಂಡು ಒಳಗೆ ನುಗ್ಗಿದರು.

ಸಾಹೇಬರು ಕಾಫಿ ಲೋಟ ಕೆಳಗಿಟ್ಟು, ಒಬ್ಬೊಬ್ಬರೇ ಬನ್ನಿ ಎಂದರು. ಬಾಗಿಲಲ್ಲೇ ಜನ ಸಿಕ್ಕಿಕೊಂಡಿದ್ದರಿಂದ ಯಾರೂ ಹೊರಗೆ ಹೋಗುವಂತಿರಲಿಲ್ಲ. ತನ್ನ ಕೆಲಸ ವಾಪಸ್ ಬೇಕು, ಪರೀಕ್ಷೆಯ ದಿನ ಯಾರಿಗೇ ಆಗಲಿ ರಜೆ ಕೊಡಬೇಕು ಎಂದಳು ಅಕ್ಕ. ಸಾಹೇಬರು ನಕ್ಕರು.

"ನೋಡಮ್ಮಾ, ಸಂಘ ಗಿಂಘ ಎಲ್ಲಾ ಪೀಣ್ಯದ ಫ್ಯಾಕ್ಟರಿಯವ್ರಿಗೆ. ನೀವು ಕೆಲಸದವ್ರಲ್ಲ, ಸ್ಟೂಡೆಂಟ್ಸು. ಹೋಗಿ ಓದ್ಕೊಳ್ಳಿ."

ಮೆಸ್ಸಿನಲ್ಲಿ ಬಡಿಸುವವರೆಲ್ಲ ಆ ಕೋಣೆಯಲ್ಲೇ ಇದ್ದರು. ಹೊರಗೆ ಮಧ್ಯಾಹ್ನದ ಊಟಕ್ಕೆ ತಟ್ಟೆ ಹಿಡಿದವರ ಸದ್ದು ಆಗಲೇ ಕೇಳುತ್ತಿತ್ತು. ಅಂದು ಸಂಜೆಯೊಳಗೆ ಕೆಲಸ, ಮಂಚ, ಪರೀಕ್ಷೆಯ ರಜೆ ಮೂರೂ ಸಿಕ್ಕವು. ಅವನ್ನು ಕೊಡಿಸಿದ್ದು ಅಕ್ಕ ಆಗ ದನಿ ಏರಿಸದೆ ಆಡಿದ ಇಷ್ಟೇ ಮಾತು:

"ಆತ್ರೀ ಸರ, ಓದ್ಕೊಂತ ಕುಂದರ್ತೀವಿ. ಇವತ್ತ ಊಟಕ್ಕ ನೀವ ಬಡಸ್ರಿ."