ನಾಲೆ ಏರಿಯ ಡೈನಮೋ ದೀಪ

ಕತೆ ಕಟ್ಟಲು ನನಗೆ ಬರುವುದಿಲ್ಲ. ಬರುತ್ತಿದ್ದರೆ ಇದಕ್ಕೊಂದು ನೆಮ್ಮದಿಯ ಕೊನೆ ಕಟ್ಟುತ್ತಿದ್ದೆ. ನಡೆದದ್ದು ನಡೆದ ಹಾಗೆಯೇ ಹೇಳುತ್ತೇನೆ, ಕೇಳಿ.

ಚನ್ನರಾಯಪಟ್ಟಣದ ಹಾಸ್ಟೆಲೊಂದರಲ್ಲಿ ಅಡುಗೆ ನನ್ನ ಕೆಲಸ. ಮಕ್ಕಳಿಗೆ ಬಡಿಸಿ, ಪಾತ್ರೆ ತೊಳೆದು, ಸೈಕಲ್ ಹತ್ತುವಾಗ ಒಂಬತ್ತು ದಾಟುತ್ತದೆ. ಹೋದ ವರ್ಷ ಲೈಟು ಹಾಕಿಸೋಣವೆಂದು ಸೈಕಲ್ ಶಾಪಿಗೆ ಹೋದೆ. ಚಾರ್ಜ್ ಮಾಡುವ ಲೈಟೋ, ಚಕ್ರಕ್ಕೆ ಉಜ್ಜಿಕೊಂಡು ಉರಿಯುವ ಹಳೇ ಡೈನಮೋನೋ ಎಂದು ಅಳೆದು ಸುರಿದು ನಿಂತಿದ್ದರೆ ಶಾಪಿನವನು ನಕ್ಕ.

“ಡೈನಮೋ ಆದ್ರೆ ತುಳೀತಾನೇ ಇರ್ಬೇಕು ಕಣಣ್ಣ. ನಿಂತ್ರೆ ಕತ್ಲೆ. ಆಮೇಲೆ ನನ್ನ ಬೈಬ್ಯಾಡ.”

ನಾಳೆ ಹೇಳುತ್ತೇನೆಂದು ಬಂದು, ಅವತ್ತು ರಾತ್ರಿ ಕೆಲಸ ಮುಗಿಸಿ ಹ್ಯಾಂಡಲ್ಲಿಗೆ ಮನೆಯ ಟಾರ್ಚು ಕಟ್ಟಿಕೊಂಡು ಹೊರಟೆ.

ಊರಿಗೆ ಹತ್ತಿರದ ದಾರಿ ಹೇಮಾವತಿ ನಾಲೆಯ ಏರಿ. ಒಂದು ಕಡೆ ತೆಂಗಿನ ತೋಟ, ಇನ್ನೊಂದು ಕಡೆ ತುಂಬಿದ ನೀರು. ಅರ್ಧ ದಾರಿಯಲ್ಲಿ ಟಾರ್ಚು ಆರಿಹೋಯಿತು. ಇಳಿದು ತಳ್ಳಿಕೊಂಡು ನಡೆದೆ. ದೂರದಲ್ಲಿ ಒಂದು ದೀಪ… ಜೊತೆಗೆ ಗುಯ್ಯೆನ್ನುವ ಸದ್ದು. ಸದ್ಯ, ಯಾರೋ ಬರುತ್ತಿದ್ದಾರೆ ಎಂದುಕೊಂಡೆ. ದೀಪ ಇದ್ದಲ್ಲೇ ಇತ್ತು.

ಹತ್ತಿರ ಹೋದೆ. ನೀರಿನ ಕಡೆಗೆ ಮುಖ ಮಾಡಿ ಸ್ಟ್ಯಾಂಡ್ ಹಾಕಿದ ಸೈಕಲ್ಲು. ಹಿಂದಿನ ಚಕ್ರ ತನ್ನಷ್ಟಕ್ಕೆ ತಿರುಗುತ್ತಿತ್ತು. ಸುತ್ತ ಒಂದು ನರಪಿಳ್ಳೆಯೂ ಇಲ್ಲ. ಕೊಳೆತ ಪಾಚಿಯ ವಾಸನೆ… ನೋಡುನೋಡುತ್ತಲೇ ಚಕ್ರ ನಿಧಾನವಾಯಿತು, ದೀಪ ಕೆಂಪಗಾಯಿತು.

ನೀರಿನಿಂದ ದನಿ ಬಂತು. “ಪೆಡ್ಲು ತಿರುಗ್ಸಣ್ಣ… ದಡ ಕಾಣ್ತಿಲ್ಲ.”

ಯಾರೋ ಬಿದ್ದಿದ್ದಾರೆ. ನನಗೆ ಈಜು ಬಾರದು. ಕುಕ್ಕರಗಾಲಲ್ಲಿ ಕೂತು ಕೈಯಿಂದಲೇ ಪೆಡಲ್ ತಿರುಗಿಸಿದೆ. ಬೆಳಕು ನೀರಿನ ಮೇಲೆ ಚೆಲ್ಲಿತು. ಯಾರೂ ಕಾಣಲಿಲ್ಲ, ಕೈ ಬಡಿಯುವ ಸದ್ದು ಮಾತ್ರ ಹತ್ತಿರವಾಗುತ್ತಿತ್ತು. ಯಾರಪ್ಪ, ಯಾವೂರು ಎಂದು ಕೇಳಿದೆ.

“ಮಾತಾಡುಸ್ಬ್ಯಾಡ. ಬಾಯಿಗೆ ನೀರು ನುಗ್ತದೆ. ನೀ ತಿರುಗ್ಸು.”

ತಿರುಗಿಸಿದೆ… ಸದ್ದು ದಡಕ್ಕೆ ಬಂದು ನಿಂತಿತು. ಆಗಲೂ ಬೆಳಕಿನಲ್ಲಿ ಯಾರೂ ಇಲ್ಲ. ಪೆಡಲ್ ಹಿಡಿದ ನನ್ನ ಕೈಯ ಮೇಲೆ ಒಂದು ಒದ್ದೆ ಕೈ ಬಿತ್ತು.

ಕೈ ಕಿತ್ತುಕೊಂಡೆ. ದೀಪ ಆರಿತು. ದನಿ ಮತ್ತೆ ನಟ್ಟನಡು ನೀರಿನಿಂದ, ಮೆಲ್ಲಗೆ…

“ಬಿಟ್ಬುಟ್ಟಾ ಅಣ್ಣ?”

ಊರಿನ ತನಕ ಓಡಿದೆ. ಊರವರು ಟಾರ್ಚು ಹಿಡಿದು ಬಂದಾಗ ಏರಿಯ ಮೇಲೆ ನನ್ನ ಸೈಕಲ್ಲೊಂದೇ ಬಿದ್ದಿತ್ತು. ಬೆಳಗಿನವರೆಗೆ ಹುಡುಕಿದರು. ಯಾವ ತೂಬಿನಲ್ಲೂ ಹೆಣ ಸಿಗಲಿಲ್ಲ, ಸುತ್ತಲಿನ ಊರುಗಳಲ್ಲಿ ಯಾರೂ ಕಾಣೆಯಾಗಿರಲಿಲ್ಲ. ಅದು ದೆವ್ವವೇ, ನೀವು ಕೈ ಬಿಟ್ಟಿದ್ದೇ ವಾಸಿಯಾಯಿತು ಎಂದು ನನ್ನ ಹೆಂಡತಿ ಇವತ್ತಿಗೂ ಸಮಾಧಾನ ಹೇಳುತ್ತಾಳೆ.

ಇರಬಹುದು. ಆದರೆ ಆ ಕೈ ಚಳಿಗೆ ಗಡಗಡ ನಡುಗುತ್ತಿತ್ತು… ಸತ್ತವರಿಗೆ ಚಳಿಯಾಗುತ್ತದೆಯೇ?